ಸ್ವಾಮಿಯ ಮನೆಯವರು, ನಮ್ಮ ಮನೆಯವರು

ನೆಂಟರಲ್ಲಿ ಎರಡು ಬಗೆ. ಹುಟ್ಟಿನಿಂದಲೋ ಮದುವೆಯಿಂದಲೋ ಬಂದವರು ಒಂದು ಬಗೆ. ಇವರಿಗೆ ನಾವು ಲಗ್ನಪತ್ರಿಕೆ ಕಳುಹಿಸುತ್ತೇವೆ, ಹಬ್ಬಕ್ಕೆ ಊಟಕ್ಕೆ ಹೇಳುತ್ತೇವೆ, ಯಾವುದೋ ಒಂದು ಸಣ್ಣ ಮಾತಿಗೆ ಮುನಿದು ವರ್ಷಗಟ್ಟಲೆ ಅವರ ಮನೆಯ ಮೆಟ್ಟಿಲು ಹತ್ತದೆ ಇರುತ್ತೇವೆ. ಇನ್ನೊಂದು ಬಗೆಯವರು ಕತೆಗಳಿಂದ ಬಂದವರು. ಇವರಿಗೆ ಎಲೆ ಹಾಕುವ ಕಷ್ಟವಿಲ್ಲ, ಉಡುಗೊರೆಯ ಲೆಕ್ಕವಿಲ್ಲ. ಆದರೂ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಇವರ ಹೆಸರು ಬರುತ್ತದೆ. ‘ಅವನೊಬ್ಬ ಶಕುನಿ’ ಎನ್ನುವಾಗ ನಾವು ಮಹಾಭಾರತವನ್ನು ನೆನೆಯುತ್ತಿಲ್ಲ, ದಾಯಾದಿಯೊಬ್ಬನನ್ನು ನೆನೆಯುತ್ತಿದ್ದೇವೆ. ನನ್ನ ಸಂಸಾರದಲ್ಲಿ ಹೀಗೆ ಕತೆಯಿಂದ ಬಂದು ನೆಲೆನಿಂತ ನೆಂಟನೊಬ್ಬನಿದ್ದಾನೆ. ಅವನಿಗೆ ಸುಮಾರು ಹತ್ತು ವರ್ಷ ವಯಸ್ಸು. ನಮ್ಮ ಮನೆಗೆ ಬಂದು ನಲವತ್ತು ವರ್ಷವಾಗುತ್ತ ಬಂದರೂ ಅವನ ವಯಸ್ಸು ಹತ್ತನ್ನು ದಾಟಿಲ್ಲ. ಅವನ ಹೆಸರು ಸ್ವಾಮಿ, ಪೂರ್ತಿಯಾಗಿ ಡಬ್ಲ್ಯು. ಎಸ್. ಸ್ವಾಮಿನಾಥನ್, ಊರು ಮಾಲ್ಗುಡಿ.

ಮಾಲ್ಗುಡಿ ಯಾವ ಭೂಪಟದಲ್ಲಿಯೂ ಇಲ್ಲವೆಂದು ತಿಳಿದವರು ಹೇಳುತ್ತಾರೆ. ಜಯಲಕ್ಷ್ಮಿಪುರದ ನಿವಾಸಿಗಳಾದ ನಮಗೆ ಆ ಮಾತು ಅಷ್ಟಾಗಿ ಹಿಡಿಸುವುದಿಲ್ಲ. ಅದನ್ನು ಸೃಷ್ಟಿಸಿದ ಆರ್. ಕೆ. ನಾರಾಯಣ್ ಅವರ ಮನೆ ನಮ್ಮ ನೆರೆಯ ಯಾದವಗಿರಿಯ ವಿವೇಕಾನಂದ ರಸ್ತೆಯಲ್ಲಿದೆ. ಕಾಲಲ್ಲಿ ಬಲವಿದ್ದಾಗ ಸಂಜೆಯ ತಿರುಗಾಟಕ್ಕೆ ಹೊರಟರೆ ಅದನ್ನು ನೋಡಿಕೊಂಡೇ ಮರಳಬಹುದಾದಷ್ಟು ಹತ್ತಿರ. ನಾರಾಯಣ್ ಹುಟ್ಟಿದ್ದು 1906ರಲ್ಲಿ, ಮದರಾಸಿನಲ್ಲಿ. ಬಾಲ್ಯದ ಬಹುಭಾಗವನ್ನು ಅಲ್ಲಿಯೇ ಅಜ್ಜಿಯ ಮನೆಯಲ್ಲಿ ಕಳೆದು, ತಂದೆ ಮಹಾರಾಜಾ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಮೈಸೂರಿಗೆ ಬಂದ ಮೇಲೆ ಈ ಊರಿನವರೇ ಆದರು. ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಪ್ರಕಾಶಕರೆಲ್ಲ ಒಬ್ಬರಾದಮೇಲೊಬ್ಬರು ಹಸ್ತಪ್ರತಿಯನ್ನು ಹಿಂದಿರುಗಿಸಿದಾಗ ಬೇಸತ್ತ ನಾರಾಯಣ್, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ಬರೆದರಂತೆ. ಗೆಳೆಯ ಅದನ್ನು ನದಿಗೆ ಹಾಕದೆ ಗ್ರಹಾಂ ಗ್ರೀನ್ ಎಂಬ ಲೇಖಕರ ಕೈಗೆ ಕೊಟ್ಟ. ಅವರು ಅದಕ್ಕೆ ಪ್ರಕಾಶಕರನ್ನು ಹುಡುಕಿಕೊಟ್ಟರು. ಸ್ನೇಹಿತರ ಕುರಿತಾದ ಪುಸ್ತಕ ಸ್ನೇಹಿತನೊಬ್ಬನ ಅವಿಧೇಯತೆಯಿಂದಲೇ ಉಳಿಯಿತು.

ಪುಸ್ತಕದ ಸ್ವಾಮಿಯನ್ನು ನಮ್ಮಲ್ಲಿ ಓದಿದವರು ಕೆಲವರು; ನೋಡಿದವರು ಎಲ್ಲರೂ. 1986ರಲ್ಲಿ ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ನಿರ್ದೇಶಿಸಿದರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯೇ ಮಾಲ್ಗುಡಿಯಾಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ. ಗಿರೀಶ್ ಕಾರ್ನಾಡರು ತಂದೆ, ವೈಶಾಲಿ ಕಾಸರವಳ್ಳಿಯವರು ತಾಯಿ. ನಾರಾಯಣರ ತಮ್ಮ ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಆರಂಭದಲ್ಲಿ ಬರುತ್ತಿದ್ದುವು, ಎಲ್. ವೈದ್ಯನಾಥನ್ ಅವರ ಸಂಗೀತ ಕೇಳಿದ ಕೂಡಲೇ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ಆಟ ಬಿಟ್ಟು ಒಳಕ್ಕೆ ಓಡುತ್ತಿದ್ದುವು.

ಆಗ ನಮ್ಮ ಮನೆಯಲ್ಲಿದ್ದವರು ನಾವು ನಾಲ್ವರು: ನಮ್ಮ ಯಜಮಾನರು, ನಾನು, ಒಂಬತ್ತು ವರ್ಷದ ಮಗ, ಎಪ್ಪತ್ತು ದಾಟಿದ ನಮ್ಮ ಅತ್ತೆಯವರು. ನಾಲ್ವರಲ್ಲಿ ಹಿಂದಿ ಒಂದಿಷ್ಟು ತಿಳಿದವಳು ನಾನು ಒಬ್ಬಳೇ. ಅದೂ ಹಿಂದೀ ಪ್ರಚಾರ ಸಭೆಯ ಒಂದೆರಡು ಪರೀಕ್ಷೆಗಳ ಪುಣ್ಯ. ಮೊದಲ ದಿನ ನಾನು ಪಕ್ಕದಲ್ಲಿ ಕುಳಿತು ಅತ್ತೆಯವರಿಗೆ ಪ್ರತಿಯೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿ ಹೇಳತೊಡಗಿದೆ. ಐದು ನಿಮಿಷವಾಗಿತ್ತೋ ಇಲ್ಲವೋ, ಅವರು ಕೈಯೆತ್ತಿ ತಡೆದರು.

“ನೀನು ಸುಮ್ಮನೆ ನೋಡಮ್ಮ. ಆ ಹುಡುಗ ನಮ್ಮವನೇ. ಮಾತು ಮಾತ್ರ ಉತ್ತರದ ಕಡೇದು, ಅಷ್ಟೆ.”

ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲಿಯೂ ಓದಲಿಲ್ಲ. ತಮಿಳು ಮನೆಮಾತಿನವರು ಇಂಗ್ಲಿಷಿನಲ್ಲಿ ಬರೆದ ಕತೆಯನ್ನು ಕನ್ನಡದ ಕಲಾವಿದರು ಮಲೆನಾಡಿನ ಮಳೆಯೂರಿನಲ್ಲಿ ಹಿಂದಿಯಲ್ಲಿ ಆಡಿ ತೋರಿಸಿದರು. ನೋಡುತ್ತಿದ್ದ ಮುದುಕಿಗೆ ಅದರಲ್ಲಿ ಒಂದು ಭಾಷೆಯೂ ಅಡ್ಡಬರಲಿಲ್ಲ. ಏಕೆಂದರೆ ಅಲ್ಲಿ ನಡೆಯುತ್ತಿದ್ದುದು ಸಂಗತಿಗಳಲ್ಲ, ಸಂಬಂಧಗಳು. ತಂದೆ ಕೋರ್ಟಿನಿಂದ ಬಂದಾಗ ಹುಡುಗ ಎಲ್ಲಿ ಅಡಗುತ್ತಾನೆ, ತಾಯಿಯ ಕಣ್ಣು ಯಾರ ಕಡೆ ತಿರುಗುತ್ತದೆ, ಅಜ್ಜಿ ಯಾವಾಗ ಕೆಮ್ಮುತ್ತಾಳೆ—ಇವನ್ನು ಅರ್ಥಮಾಡಿಕೊಳ್ಳಲು ನಿಘಂಟು ಬೇಕೆ?

ಮೊದಲು ತಂದೆಯ ವಿಚಾರ. ಸ್ವಾಮಿಯ ತಂದೆ ವಕೀಲರು. ರಜೆಯ ದಿನ ಹುಡುಗ ಹಾಯಾಗಿ ಆಡಲು ಹೊರಟರೆ, ಹಿಡಿದು ಕೂರಿಸಿ ಲೆಕ್ಕ ಕೊಡುತ್ತಾರೆ. ರಾಮನ ಬಳಿ 10 ಮಾವಿನಹಣ್ಣುಗಳಿವೆ. ಅವುಗಳಿಂದ 15 ಆಣೆ ಸಂಪಾದಿಸಬೇಕೆಂದು ಅವನ ಇಚ್ಛೆ. ಕೃಷ್ಣನಿಗೆ ನಾಲ್ಕೇ ಹಣ್ಣು ಸಾಕು. ಅವನು ಎಷ್ಟು ಕೊಡಬೇಕು? ಸ್ವಾಮಿ ಬಹಳ ಹೊತ್ತು ಯೋಚಿಸಿ ಒಂದು ಪ್ರಶ್ನೆ ಕೇಳುತ್ತಾನೆ: ಹಣ್ಣು ಮಾಗಿವೆಯೆ? ತಂದೆಗೆ ಕಣ್ಣು ಕೆಂಪಾಗುತ್ತದೆ. ಆದರೆ ಓದುಗರು ದೇವರಾಜ ಮಾರುಕಟ್ಟೆಯಲ್ಲಿ ಹಣ್ಣು ಕೊಳ್ಳುವವರಾದರೆ ನ್ಯಾಯವಾಗಿ ಹೇಳಲಿ: ಮಾಗಿದೆಯೋ ಇಲ್ಲವೋ ತಿಳಿಯದೆ ಯಾರಾದರೂ ಬೆಲೆ ಹೇಳುತ್ತಾರೆಯೆ? ಆರು ಆಣೆ ಎಂಬ ಉತ್ತರ ಕಡೆಗೆ ಅಳುವಿನ ನಡುವೆ ಹೊರಬೀಳುತ್ತದೆ. ನಮ್ಮ ಮಗ ಇದನ್ನು ನೋಡಿ, ಸುಮ್ಮನೆ ಓರೆಗಣ್ಣಿನಿಂದ ತನ್ನ ತಂದೆಯನ್ನು ನೋಡಿದ. ನಮ್ಮ ಯಜಮಾನರು ಬ್ಯಾಂಕಿನ ಲೆಕ್ಕಪತ್ರಗಳಲ್ಲಿ ಮುಳುಗಿದ್ದವರು. ಪ್ರತಿ ಭಾನುವಾರ ಬೆಳಗ್ಗೆ ಅವರೂ ಇಂಥದೇ ಲೆಕ್ಕಗಳನ್ನು ಕೊಡುತ್ತಿದ್ದರು. ಅವರು ಪರದೆಯಿಂದ ಕಣ್ಣು ತೆಗೆಯದೆಯೇ, “ನನ್ನ ಲೆಕ್ಕದಲ್ಲಿ ಹಣ್ಣು ಇರಲಿಲ್ಲ, ಗೋಡಂಬಿ ಇತ್ತು” ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಕಷ್ಟದ ಪ್ರಶ್ನೆ ಯಾವುದು ಬಂದರೂ ‘ಹಣ್ಣು ಮಾಗಿದೆಯೆ?’ ಎಂದು ಕೇಳುವ ಪದ್ಧತಿ ನಿಂತಿತು. ಮನೆಯ ಸಾಲಕ್ಕೆ ಅರ್ಜಿ ಹಾಕುವಾಗಲೂ ಕೇಳಿದ್ದುಂಟು, ಮಗನಿಗೆ ಹೆಣ್ಣು ನೋಡುವಾಗಲೂ ಕೇಳಿದ್ದುಂಟು.

ಆ ತಂದೆ ಕಠಿಣ ಹೃದಯದವರಲ್ಲ. ಗಣಿತ ಮುಗಿದ ಮೇಲೆ ಮಗನನ್ನು ತಮ್ಮ ಜೊತೆಯಲ್ಲಿ ಕ್ಲಬ್ಬಿಗೆ ಕರೆದುಕೊಂಡು ಹೋಗುವವರೂ ಅವರೇ. ಮುಂದೆ ಸ್ವಾಮಿ ಮನೆಬಿಟ್ಟು ಓಡಿಹೋದ ರಾತ್ರಿ, ದರ್ಪವನ್ನೆಲ್ಲ ಕಳಚಿಟ್ಟು ಸರಯೂ ನದಿಯ ದಂಡೆಯ ಮೇಲೂ ರೈಲು ಕಂಬಿಯ ಉದ್ದಕ್ಕೂ ಹುಡುಕುತ್ತ ನಡೆಯುವವರೂ ಅವರೇ. ಅವರು ಏನನ್ನು ಹುಡುಕುತ್ತಿದ್ದಾರೆಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆ ಕಾಲದ ತಂದೆಯರಿಗೆ ಪ್ರೀತಿಯನ್ನು ನೇರವಾಗಿ ಆಡಿ ತೋರಿಸುವ ವಿದ್ಯೆ ತಿಳಿದಿರಲಿಲ್ಲ. ಅದು ಲೆಕ್ಕದ ಪುಸ್ತಕದ ರೂಪದಲ್ಲಿಯೋ, ಮಗ ಕಾಣದಿದ್ದಾಗಿನ ದಿಗಿಲಿನ ರೂಪದಲ್ಲಿಯೋ ಹೊರಗೆ ಬರುತ್ತಿತ್ತು. ಇದನ್ನು ಮಗ ಅರಿಯಲು ತಾನೂ ತಂದೆಯಾಗಬೇಕಾಗುತ್ತದೆ.

ಗೆಳೆಯರ ವಿಚಾರ ಇದಕ್ಕಿಂತ ಜಟಿಲ. ದೊಡ್ಡವರು ಮಕ್ಕಳ ಸ್ನೇಹವನ್ನು ಆಟವೆಂದುಕೊಳ್ಳುತ್ತೇವೆ. ವಾಸ್ತವವಾಗಿ ಅದೊಂದು ರಾಜಕಾರಣ. ಸ್ವಾಮಿಯ ಆಸ್ಥಾನದಲ್ಲಿ ಮೊದಲು ಐವರಿದ್ದರು: ತರಗತಿಯ ಮಾನಿಟರ್ ಸೋಮು, ಬುದ್ಧಿವಂತ ಶಂಕರ, ‘ಬಟಾಣಿ’ ಎಂಬ ಅಡ್ಡಹೆಸರಿನ ಪುಟ್ಟ ಸ್ಯಾಮ್ಯುಯೆಲ್, ದಾಂಡಿಗ ಮಣಿ, ಇವರ ನಡುವೆ ಸ್ವಾಮಿ. ಅಷ್ಟರಲ್ಲಿ ರಾಜಂ ಬಂದ. ಅವನ ತಂದೆ ಪೊಲೀಸ್ ಸೂಪರಿಂಟೆಂಡೆಂಟ್. ಅವನ ಇಂಗ್ಲಿಷ್ ದೊರೆಗಳ ಇಂಗ್ಲಿಷಿನಂತಿತ್ತು. ಮಣಿಗೂ ರಾಜಂಗೂ ಹೊಡೆದಾಟವೇ ಆಗಬೇಕೆಂದು ನಿಶ್ಚಯವಾಗಿ, ನದಿಯ ದಡಕ್ಕೆ ಒಬ್ಬ ದೊಣ್ಣೆ ಹಿಡಿದು ಬಂದ, ಇನ್ನೊಬ್ಬ ಗಾಳಿಕೋವಿ ಹಿಡಿದು ಬಂದ. ಕಡೆಗೆ ಆದುದು ಸಂಧಾನ. ರಾಜಂ ತಂದಿದ್ದ ಬಿಸ್ಕತ್ತುಗಳ ಮೇಲೆ ಶಾಂತಿ ಒಪ್ಪಂದಕ್ಕೆ ಸಹಿಬಿತ್ತು. ಲೋಕದ ದೊಡ್ಡ ದೊಡ್ಡ ಯುದ್ಧಗಳೂ ಹೀಗೆಯೇ ಮುಗಿಯುವಂತಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಹಳೆಯ ಗೆಳೆಯರಿಗೆ ಇದು ಸಹಿಸಲಿಲ್ಲ. ಸ್ವಾಮಿಯನ್ನು ‘ರಾಜಂನ ಬಾಲ’ ಎಂದು ಕರೆದರು. ಹೊಸ ಗೆಳೆತನವೊಂದು ಬಂದಾಗ ಹಳೆಯ ಗೆಳೆತನಕ್ಕೆ ಆಗುವ ನೋವನ್ನು ಹುಡುಗರು ಕಂಡುಕೊಳ್ಳುವ ಬಗೆ ಇದು.

ರಾಜಂ ಮನೆಗೆ ಬರುವ ದಿನ ಸ್ವಾಮಿ ಪಡುವ ಪಾಡನ್ನು ನೋಡಿ ನಾನು ನಕ್ಕಷ್ಟು ಇನ್ನಾವುದಕ್ಕೂ ನಗಲಿಲ್ಲ. ತಂದೆಯ ಕೊಠಡಿ ತನ್ನದೆಂಬಂತೆ ಕಾಣಬೇಕು; ತಾಯಿ ಒಳ್ಳೆಯ ತಿಂಡಿ ಮಾಡಬೇಕು; ಅಡಿಗೆಯವನು ಒಗೆದ ಪಂಚೆ ಉಟ್ಟು ಬರಬೇಕು. ದೊಡ್ಡವರ ಮನೆಯ ಗೆಳೆಯನ ಕಣ್ಣಿಗೆ ನಮ್ಮ ಮನೆ ಹೇಗೆ ಕಂಡೀತು ಎಂಬ ಚಿಂತೆ ಹತ್ತು ವರ್ಷಕ್ಕೇ ಹುಟ್ಟಿಬಿಡುತ್ತದೆ. ನಮ್ಮ ಮಗನೂ ಒಮ್ಮೆ ಗೋಕುಲದ ಕಡೆಯಿಂದ ಕಾರಿನಲ್ಲಿ ಶಾಲೆಗೆ ಬರುತ್ತಿದ್ದ ಗೆಳೆಯನನ್ನು ಕರೆತರುವವನಿದ್ದ. ಹಿಂದಿನ ದಿನವೇ ನನ್ನ ಬಳಿ ಬಂದು, ಅಂಗಳದಲ್ಲಿ ಒಣಗಲು ಹಾಕಿದ್ದ ಹಪ್ಪಳ ಸಂಡಿಗೆಗಳನ್ನು ತೆಗೆಸಬೇಕೆಂದು ಬಹಳ ಗುಟ್ಟಾಗಿ ಕೇಳಿಕೊಂಡ. ಅತ್ತೆಯವರಿಗೆ ಗುಟ್ಟು ಕೇಳಿಸಿತು. ಅವರು ಒಂದು ಮಾತೂ ಆಡದೆ, ಬಂದ ಹುಡುಗನಿಗೆ ಅದೇ ಸಂಡಿಗೆಯನ್ನು ಕರಿದು ತಟ್ಟೆಯ ತುಂಬ ಕೊಟ್ಟರು. ಆ ಹುಡುಗ ಮೂರು ಸಲ ಕೇಳಿ ಹಾಕಿಸಿಕೊಂಡ. ಮರುವಾರ ತಾನಾಗಿಯೇ ಬಂದು, “ಅಜ್ಜಿ ಇದ್ದಾರಾ?” ಎಂದು ಕೇಳಿದ, ನಮ್ಮ ಮಗನ ಹೆಸರನ್ನು ಆಮೇಲೆ ಎತ್ತಿದ.

ಈಗ ಅಜ್ಜಿಯ ವಿಚಾರಕ್ಕೆ ಬರುತ್ತೇನೆ. ಸ್ವಾಮಿಯ ಮನೆಯಲ್ಲಿ ಅಜ್ಜಿಯ ಸ್ಥಾನ ಮುಂದಿನ ಹಜಾರಕ್ಕೂ ಊಟದ ಮನೆಗೂ ನಡುವಿನ ಮಬ್ಬುಗತ್ತಲೆಯ ಓಣಿ. ಅಲ್ಲಿ ಅವಳ ಹಾಸಿಗೆ, ಅವಳ ಪೆಟ್ಟಿಗೆ, ಅವಳ ಲೋಕ. ರಾತ್ರಿ ಊಟವಾದ ಮೇಲೆ ಸ್ವಾಮಿ ಅವಳ ಪಕ್ಕದಲ್ಲಿ ಮಲಗಿ ರಾಜಂನ ಪರಾಕ್ರಮಗಳನ್ನು ವರ್ಣಿಸುತ್ತಾನೆ. ಅಜ್ಜಿ ನಡುವೆ ಬಾಯಿಹಾಕಿ ತಾತನ ಕಾಲದ ಕತೆ ತೆಗೆದರೆ ಅವನಿಗೆ ಬೇಸರ. ಕ್ರಿಕೆಟ್ ಎಂದರೇನೆಂದು ಅವಳಿಗೆ ತಿಳಿಯದೆಂದು ಅವನಿಗೆ ಆಶ್ಚರ್ಯ. ಒಂದು ದಿನ ಅವಳಿಗೆ ಹೊಟ್ಟೆನೋವು. ಒಂದು ನಿಂಬೆಹಣ್ಣು ತಂದುಕೊಡಪ್ಪ ಎನ್ನುತ್ತಾಳೆ. ಆಟಕ್ಕೆ ಹೊತ್ತಾಯಿತೆಂದು ಹುಡುಗ ಓಡಿಬಿಡುತ್ತಾನೆ. ಆಮೇಲೆ ನೆನಪಾದಾಗ ಅವನ ಎದೆ ಚುರುಕ್ಕೆನ್ನುತ್ತದೆ.

ಇದನ್ನು ನೋಡುತ್ತಿದ್ದಾಗ ನಮ್ಮ ಮಗ ತಲೆತಗ್ಗಿಸಿ ಕುಳಿತಿದ್ದ. ನಮ್ಮ ಅತ್ತೆಯವರೋ ಸ್ವಾಮಿಯ ಪಕ್ಷವನ್ನೇ ವಹಿಸಿದರು. “ಅಲ್ಲ, ಆಡೋ ಹುಡುಗನ್ನ ತಡೆದು ನಿಂಬೆಹಣ್ಣು ತಾ ಅಂದರೆ ತರ್ತಾನಾ? ಅವಳಿಗಾದರೂ ತಿಳೀಬೇಡವೆ!” ಎಂದರು. ಎಲ್ಲ ಅಜ್ಜಿಯರೂ ಹೀಗೆಯೇ. ಮೊಮ್ಮಗನ ತಪ್ಪಿಗೆ ಬೇರೊಬ್ಬ ಅಜ್ಜಿಯನ್ನಾದರೂ ಗುರಿಮಾಡುತ್ತಾರೆಯೇ ಹೊರತು ಮೊಮ್ಮಗನನ್ನು ಬಿಟ್ಟುಕೊಡುವುದಿಲ್ಲ.

ಸ್ವಾಮಿಯದೇ ಇನ್ನೊಂದು ಕತೆಯಿದೆ. ಅಜ್ಜಿಯ ಮಗ್ಗುಲಲ್ಲಿ ಮಲಗುವುದು ಗಂಡುಹುಡುಗನಿಗೆ ನಾಚಿಕೆಗೇಡೆಂದು ತಂದೆ ಅವನನ್ನು ಒಂದು ರಾತ್ರಿ ಕಚೇರಿಯ ಕೊಠಡಿಯಲ್ಲಿ ಒಬ್ಬನನ್ನೇ ಮಲಗಿಸುತ್ತಾರೆ. ಭಯದಿಂದ ಬೆಂಚಿನ ಕೆಳಗೆ ಸೇರಿದ ಹುಡುಗ, ಕತ್ತಲಲ್ಲಿ ಹತ್ತಿರ ಬಂದ ಭೂತದ ಕಾಲನ್ನು ಕಚ್ಚಿ ಹಿಡಿಯುತ್ತಾನೆ. ಅದು ಭೂತವಲ್ಲ, ಕಳ್ಳ! ಊರಿಗೆ ಊರೇ ಅವನನ್ನು ಕೊಂಡಾಡುತ್ತದೆ. ಪೊಲೀಸ್ ಇಲಾಖೆಗೇಕೆ ಸೇರಬಾರದೆಂದು ಇನ್‌ಸ್ಪೆಕ್ಟರ್ ಕೇಳುತ್ತಾರೆ. ಸ್ವಾಮಿ ಮರ್ಯಾದೆಗೆ ಹೂಂ ಎನ್ನುತ್ತಾನಾದರೂ ಅವನ ಮನಸ್ಸಿನಲ್ಲಿ ಇರುವುದು ಎಂಜಿನ್ ಡ್ರೈವರ್, ರೈಲ್ವೆ ಗಾರ್ಡ್, ಇಲ್ಲವೇ ಬಸ್ ಕಂಡಕ್ಟರ್ ಹುದ್ದೆ. ಇಷ್ಟೆಲ್ಲ ಕೀರ್ತಿ ಬಂದ ಮೇಲೆ ಮಾರನೆಯ ರಾತ್ರಿ ಆ ವೀರ ಎಲ್ಲಿ ಮಲಗಿದ? ಅಜ್ಜಿಯ ಮಗ್ಗುಲಲ್ಲಿಯೇ. ಅವನಿಗೆ ಸಿಕ್ಕ ನಿಜವಾದ ಬಹುಮಾನ ಅದೇ.

ನಾರಾಯಣ್ ತಮ್ಮ ಆತ್ಮಕತೆಯಲ್ಲಿ ಒಂದು ಸಂಗತಿಯನ್ನು ಹೇಳಿದ್ದಾರೆ. ಈ ಕಾದಂಬರಿಯ ಮೊದಲ ಸಾಲನ್ನು ಅವರು ಬರೆದುದು ಸೆಪ್ಟೆಂಬರಿನ ಒಂದು ಶುಭದಿನದಲ್ಲಿ. ಆ ದಿನವನ್ನು ಆರಿಸಿಕೊಟ್ಟವರು ಅವರ ಅಜ್ಜಿ. ಪುಟ್ಟದೊಂದು ರೈಲು ನಿಲ್ದಾಣದ ಜೊತೆಗೆ ಮಾಲ್ಗುಡಿ ಅಂದು ಅವರ ಕಣ್ಣಿಗೆ ತೇಲಿಬಂತಂತೆ. ಕತೆಯಲ್ಲಿ ಅಜ್ಜಿಯನ್ನು ಓಣಿಯಲ್ಲಿ ಕೂರಿಸಿದ ಲೇಖಕ, ಕತೆ ಬರೆಯಲು ಮುಹೂರ್ತವನ್ನು ಅಜ್ಜಿಯಿಂದಲೇ ಕೇಳಿದ್ದ! ಬಹಳ ದಿನ ನಾನು ಆ ಓಣಿಯನ್ನು ಉಪೇಕ್ಷೆಯ ಸ್ಥಳವೆಂದು ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಹಜಾರದಿಂದ ಊಟದ ಮನೆಗೆ ಹೋಗಬೇಕಾದರೆ ಪ್ರತಿಯೊಬ್ಬರೂ ಆ ಓಣಿಯನ್ನೇ ಹಾಯಬೇಕು. ಕೋಪದಲ್ಲಿದ್ದ ತಂದೆಯೂ ಹಾಯಬೇಕು, ಆತುರದಲ್ಲಿದ್ದ ತಾಯಿಯೂ ಹಾಯಬೇಕು, ಕಳ್ಳಹೆಜ್ಜೆಯ ಹುಡುಗನಂತೂ ಹಾಯಲೇಬೇಕು. ಅಜ್ಜಿಯನ್ನು ಮಾತನಾಡಿಸದೆ ಹೋಗಬಹುದು. ಅಜ್ಜಿಯ ಕಣ್ಣಿಗೆ ಬೀಳದೆ ಹೋಗುವಂತಿಲ್ಲ. ಮನೆಯ ಸುದ್ದಿಯೆಲ್ಲ ಅವಳ ಮುಂದೆಯೇ ನಡೆದುಹೋಗುತ್ತಿತ್ತು.

ಆಮೇಲೆ ಕಿರುತೆರೆಯಲ್ಲಿ ನಗೆಯ ಧಾರಾವಾಹಿಗಳು ಬೇಕಾದಷ್ಟು ಬಂದುವು. ಹೆಂಡತಿಯ ಕೈಯಲ್ಲಿ ಸಿಕ್ಕ ಪಾಪದ ಗಂಡನ ಪಾಡಾದ ‘ಪಾಪ ಪಾಂಡು’ವನ್ನು ಸಿಹಿ ಕಹಿ ಚಂದ್ರು ನಿರ್ದೇಶಿಸಿದರು, ಫಣಿ ರಾಮಚಂದ್ರರ ‘ದಂಡಪಿಂಡಗಳು’ ಕೆಲಸವಿಲ್ಲದ ತರುಣರ ಕತೆಯಾಯಿತು, ‘ಸಿಲ್ಲಿ ಲಲ್ಲಿ’ಯನ್ನು ನೋಡಿ ನಮ್ಮ ಯಜಮಾನರು ಊಟದ ತಟ್ಟೆ ಹಿಡಿದು ನಕ್ಕಿದ್ದುಂಟು. ಎಲ್ಲವೂ ನಗಿಸಿದುವು. ಒಂದು ಸೂರಿನ ಕೆಳಗೆ ಒಬ್ಬರಿಗೊಬ್ಬರು ಹೊಂದದ ನಾಲ್ಕಾರು ಜನ ಸೇರಿದರೆ ನಗೆ ತಾನಾಗಿಯೇ ಹುಟ್ಟುತ್ತದೆ ಎಂಬುದೇ ಇವುಗಳ ಗುಟ್ಟು. ಮನೆಗಳ ಗುಟ್ಟೂ ಅದೇ. ಹೊಂದಿಕೆಯಾದ ಮೇಲೆ ಒಟ್ಟಿಗೆ ಇರುತ್ತೇವೆಂದರೆ ಯಾರೂ ಒಟ್ಟಿಗೆ ಇರಲಾರರು. ಒಟ್ಟಿಗೆ ಇದ್ದು ಇದ್ದು ಹೊಂದಿಕೆ ಬರಬೇಕು.

ಇದನ್ನು ನಾನು ಕಲಿತದ್ದು ಈ ವಯಸ್ಸಿನಲ್ಲಿ. ಅತ್ತೆಯವರು ಹೋಗಿ ಬಹಳ ವರ್ಷಗಳಾದುವು. ನಮ್ಮ ಯಜಮಾನರು ತೀರಿಕೊಂಡು ಆರು ವರ್ಷ. ಮಗ ಸಂಸಾರಸಹಿತ ಅಮೆರಿಕದಲ್ಲಿದ್ದಾನೆ. ಮೇಲಿನ ಅಂತಸ್ತು ಬರಿದೇ ಬಿದ್ದಿರಬಾರದೆಂದು, ಇಲ್ಲಿಯೇ ಜಯಲಕ್ಷ್ಮಿಪುರದ ಮಹಾಜನ ಕಾಲೇಜಿನಲ್ಲಿ ಓದುವ ಮೂವರು ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಟ್ಟೆ. ಒಬ್ಬಳು ಚಾಮರಾಜನಗರದ ಕಡೆಯವಳು, ಒಬ್ಬಳು ಕೊಡಗಿನವಳು, ಮತ್ತೊಬ್ಬಳು ಮಳವಳ್ಳಿಯವಳು. ಮೊದಲ ತಿಂಗಳು ಅವರು ನನ್ನನ್ನು ‘ಓನರ್ ಆಂಟಿ’ ಎಂದರು. ಎರಡನೆಯ ತಿಂಗಳು ‘ಆಂಟಿ’ ಎಂದರು. ನೀರಿನ ಮೋಟಾರು ಹಾಕುವ ವಿಚಾರಕ್ಕೆ ಒಂದು ಯುದ್ಧವೂ, ರಾತ್ರಿ ಗೇಟು ಮುಚ್ಚುವ ವಿಚಾರಕ್ಕೆ ಇನ್ನೊಂದು ಯುದ್ಧವೂ ಆದ ಮೇಲೆ ‘ಅಜ್ಜಿ’ಯಾದೆ. ಹೋದ ಆಷಾಢದಲ್ಲಿ ಮೆಟ್ಟಿಲಿಳಿಯುವಾಗ ನನ್ನ ಕಾಲು ಉಳುಕಿತು. ಹದಿನೈದು ದಿನ ಸರದಿಯ ಮೇಲೆ ಅವರೇ ಅಡಿಗೆ ಮಾಡಿಹಾಕಿದರು. ಮಳವಳ್ಳಿಯ ಹುಡುಗಿ ಮಾಡಿದ ಸಾರಿನ ಖಾರಕ್ಕೆ ನನ್ನ ಉಳುಕು ತಾನಾಗಿಯೇ ಬಿಟ್ಟುಹೋಯಿತೆಂದು ಹೇಳಿ ಅವಳನ್ನು ಈಗಲೂ ಕಾಡಿಸುತ್ತೇನೆ.

ಅಮೆರಿಕದಲ್ಲಿರುವ ಮೊಮ್ಮಗನಿಗೂ ಈಗ ಹತ್ತು ವರ್ಷ. ಅವನ ತಂದೆ ಅವನಿಗೆ ಸ್ವಾಮಿಯ ಕಂತುಗಳನ್ನು ತೋರಿಸುತ್ತಿದ್ದಾನೆ. ಭಾನುವಾರ ಬೆಳಗ್ಗೆ ಅವರಿಗೆ ಶನಿವಾರದ ರಾತ್ರಿ. ಆಗ ಮೊಬೈಲ್ ಪರದೆಯಲ್ಲಿ ಇಬ್ಬರೂ ಕಾಣಿಸಿಕೊಳ್ಳುತ್ತಾರೆ. ಒಂದು ಭಾನುವಾರ ಹುಡುಗ ಬಹಳ ಗಂಭೀರವಾಗಿ ಕೇಳಿದ.

“ಅಜ್ಜಿ, ಸ್ವಾಮಿ ಅಜ್ಜಿಗೆ ಬೇರೆ ಮನೆ ಇಲ್ವಾ? ಯಾಕೆ ಅವರು ಸ್ವಾಮಿ ಮನೇಲೇ ಇರ್ತಾರೆ?”

ಅದರಲ್ಲಿ ಕೊಂಕು ಲವಲೇಶವೂ ಇರಲಿಲ್ಲ. ಹಣ್ಣು ಮಾಗಿದೆಯೆ ಎಂದು ಕೇಳಿದಷ್ಟೇ ಸಹಜವಾಗಿ ಕೇಳಿದ. ಅವನು ಕಂಡಂತೆ ಅಜ್ಜಿಯೆಂದರೆ ಬೇರೆ ಊರಿನಲ್ಲಿ ಬೇರೆ ಮನೆಯಲ್ಲಿರುವವಳು; ಪರದೆಯ ಮೇಲೆ ಬರುವವಳು; ಎರಡು ವರ್ಷಕ್ಕೊಮ್ಮೆ ವಿಮಾನದಿಂದಿಳಿದರೆ ಸಿಗುವವಳು. ಪರದೆಯ ಆಚೆ ನನ್ನ ಮಗನ ಮುಖ ಸಣ್ಣದಾದುದನ್ನು ನಾನು ಕಂಡೆ. ಅವನನ್ನು ಆ ಇಕ್ಕಟ್ಟಿನಿಂದ ಬಿಡಿಸಬೇಕೆಂದು ನಾನು, “ಅದು ಸ್ವಾಮಿ ಮನೆ ಅಲ್ಲಪ್ಪ, ಅಜ್ಜಿ ಮನೆಯೇ. ಸ್ವಾಮಿ ಆಮೇಲೆ ಬಂದು ಸೇರಿಕೊಂಡ” ಎಂದೆ. ಹುಡುಗ ಒಪ್ಪಿಕೊಂಡ. “ಹಾಗಾದ್ರೆ ಸರಿ” ಎಂದು ಆಟಕ್ಕೆ ಓಡಿದ. ಅವನಿಗೂ ಆಟಕ್ಕೆ ಹೊತ್ತಾಗಿತ್ತು.

ಅದೇ ವಾರ ಮಗ ಇನ್ನೊಂದು ವಿಚಾರ ಎತ್ತಿದ. ಅವನು ಕೆಟ್ಟ ಮನಸ್ಸಿನಿಂದ ಎತ್ತಿದನೆಂದು ಯಾರೂ ತಿಳಿಯಬಾರದು; ಕಾಲು ಉಳುಕಿದ ಸುದ್ದಿ ಕೇಳಿದಂದಿನಿಂದ ಅವನಿಗೆ ನಿದ್ರೆಯಿಲ್ಲವೆಂದು ಸೊಸೆ ಹೇಳಿದಳು. ಹಳೆಯ ಮನೆಯನ್ನು ಕೆಡವಿ ಅಲ್ಲಿ ನಾಲ್ಕು ಫ್ಲ್ಯಾಟ್‌ಗಳನ್ನು ಕಟ್ಟಿಸುವುದು. ನನಗೊಂದು, ಅವನಿಗೊಂದು, ಉಳಿದೆರಡು ಕಟ್ಟುವವರಿಗೆ. ಕಟ್ಟಿ ಮುಗಿಯುವ ತನಕ ನಾನು ಅವರ ಜೊತೆ ಅಮೆರಿಕದಲ್ಲಿರುವುದು. ಒಗ್ಗಿದರೆ ಅಲ್ಲಿಯೇ ನಿಲ್ಲುವುದು. ನಕ್ಷೆಯೂ ಬಂತು. ಮೂವರು ಹುಡುಗಿಯರೂ ನನ್ನ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಬಗ್ಗಿ ನೋಡಿದರು. ಎರಡು ಮಲಗುವ ಕೊಠಡಿ, ಎರಡು ಸ್ನಾನದ ಮನೆ, ತೆರೆದ ಅಡಿಗೆಮನೆ, ಲಿಫ್ಟು. ಎಲ್ಲವೂ ಅನುಕೂಲವಾಗಿಯೇ ಇತ್ತು. ನಾನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಹುಡುಕಿದ್ದು ಒಂದೇ ಒಂದನ್ನು: ಎಲ್ಲರೂ ಹಾದುಹೋಗುವ ಆ ಓಣಿ ಎಲ್ಲಿದೆ? ಇರಲಿಲ್ಲ. ಪ್ರತಿಯೊಂದು ಕೊಠಡಿಗೂ ನೇರವಾಗಿ ಬಾಗಿಲಿತ್ತು. ಯಾರು ಯಾರ ಕಣ್ಣಿಗೂ ಬೀಳದೆ ಬಂದು ಹೋಗಬಹುದಾಗಿತ್ತು.

ಹಳೆಯ ಮನೆಗಳೆಲ್ಲ ಉಳಿಯಲೇಬೇಕೆಂದು ಹಟ ಹಿಡಿಯುವವಳು ನಾನಲ್ಲ. ಯಾದವಗಿರಿಯ ನಾರಾಯಣರ ಮನೆಯನ್ನೇ 2011ರಲ್ಲಿ ಕೆಡವತೊಡಗಿದ್ದರು. ಊರಿನ ಜನ ದನಿಯೆತ್ತಿದ್ದರಿಂದ ಅದು ನಿಂತು, ನಗರಪಾಲಿಕೆಯ ಕೈಸೇರಿ, ದುರಸ್ತಿಯಾಗಿ, 2016ರಲ್ಲಿ ಸ್ಮಾರಕವಾಗಿ ತೆರೆಯಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವೂ 2020ರಲ್ಲಿ ‘ಮಾಲ್ಗುಡಿ’ಯ ಹೆಸರಿನ ವಸ್ತುಸಂಗ್ರಹಾಲಯವಾಯಿತು. ಲೇಖಕನ ಮನೆಗೆ ಊರು ದನಿಯೆತ್ತುತ್ತದೆ. ನಮ್ಮಂಥವರ ಮನೆಗೆ ಯಾರು ದನಿಯೆತ್ತಬೇಕು? ಎತ್ತಬೇಕಾಗಿಯೂ ಇಲ್ಲ. ನಾರಾಯಣರ ಮನೆಯನ್ನು ಹಲವು ಸಲ ನೋಡಿ ಬಂದಿದ್ದೇನೆ. ಅಚ್ಚುಕಟ್ಟಾಗಿದೆ, ಅವರ ಕೋಟು, ಪುಸ್ತಕ, ಚಿತ್ರಗಳಿವೆ. ಕಿಟಕಿಗಳಿಂದ ಒಳ್ಳೆಯ ಬೆಳಕು ಬರುತ್ತದೆ. ಒಳಗಿನಿಂದ ‘ಯಾರು?’ ಎಂದು ಕೇಳುವವರು ಮಾತ್ರ ಇಲ್ಲ. ಗೋಡೆಯನ್ನು ಉಳಿಸಿಕೊಳ್ಳುವುದು ಸಾಧ್ಯ. ಕೂಗಿದರೆ ಓಗೊಡುವ ದೂರವನ್ನು ಉಳಿಸಿಕೊಳ್ಳುವುದು ಬೇರೆಯ ಕೆಲಸ.

ಮಗನಿಗೆ ಏನು ಉತ್ತರ ಕೊಡಬೇಕೆಂದು ಒಂದು ವಾರ ಯೋಚಿಸಿದೆ. ಆಗ ನನ್ನ ಮನಸ್ಸಿಗೆ ಮತ್ತೆ ಮತ್ತೆ ಬಂದವನು ಸ್ವಾಮಿಯಲ್ಲ, ಮಣಿ. ಕತೆಯ ಕೊನೆಯಲ್ಲಿ ರಾಜಂನ ತಂದೆಗೆ ವರ್ಗವಾಗಿ ಅವನು ಊರು ಬಿಡುತ್ತಾನೆ. ಕ್ರಿಕೆಟ್ ಪಂದ್ಯದ ದಿನ ಸ್ವಾಮಿ ಇಲ್ಲದೆ ತಂಡ ಸೋತಿತೆಂಬ ಕೋಪ ಅವನಿಗೆ ಇಳಿದಿಲ್ಲ. ಸ್ವಾಮಿ ನಿಲ್ದಾಣಕ್ಕೆ ಒಂದು ಕತೆಪುಸ್ತಕವನ್ನು ಕಾಣಿಕೆಯಾಗಿ ತಂದಿದ್ದಾನೆ. ರೈಲು ಹೊರಡುವಾಗ ಹೇಗೋ ಅದು ರಾಜಂನ ಕೈ ಸೇರುತ್ತದೆ. ಅವನು ಏನಾದರೂ ಹೇಳಿದನೆ, ಕಾಗದ ಬರೆಯುತ್ತಾನೆಯೆ ಎಂದು ಸ್ವಾಮಿ ಅಳುತ್ತ ಕೇಳಿದರೆ, ಬರೆಯುತ್ತಾನಂತೆ, ನಿನ್ನ ವಿಳಾಸವನ್ನೂ ಅವನಿಗೆ ಕೊಟ್ಟಿದ್ದೇನೆ ಎನ್ನುತ್ತಾನೆ ಮಣಿ. ನಿಜವೋ ಸುಳ್ಳೋ, ಅವನ ಮುಖ ನೋಡಿ ಸ್ವಾಮಿಗೆ ತಿಳಿಯುವುದಿಲ್ಲ. ಎಲ್ಲರನ್ನೂ ಹೊಡೆಯುತ್ತೇನೆಂದು ದೊಣ್ಣೆ ಹಿಡಿದು ತಿರುಗುತ್ತಿದ್ದ ದಾಂಡಿಗ, ಗೆಳೆಯನ ಅಳುವನ್ನು ತಾಳಲಾರದೆ ಆಡಿದ ಮಾತು ಅದು. ಕಾಗದ ಬಂತೋ ಇಲ್ಲವೋ ಕತೆ ಹೇಳುವುದಿಲ್ಲ. ಆ ಹೊತ್ತಿನ ಮಟ್ಟಿಗೆ ಸ್ವಾಮಿ ಮನೆಗೆ ನಡೆದುಕೊಂಡು ಹೋಗಲು ಆ ಮಾತು ಸಾಕಾಗಿದ್ದಿರಬೇಕು.

ನಾನೂ ಮಗನಿಗೆ ಅಂಥದೊಂದು ಮಾತನ್ನೇ ಹೇಳಬಹುದಿತ್ತು. ‘ನನಗೇನಪ್ಪ ಕಷ್ಟ, ಹಾಯಾಗಿದ್ದೇನೆ’ ಎಂದರೆ ಅವನಿಗೆ ನಿದ್ರೆ ಬರುತ್ತಿತ್ತು. ‘ಆಗಲಿ, ಬರುತ್ತೇನೆ’ ಎಂದರೂ ಬರುತ್ತಿತ್ತು. ಎರಡನ್ನೂ ಹೇಳಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದೆ. ರಾತ್ರಿ ಎಚ್ಚರವಾದರೆ ಒಮ್ಮೊಮ್ಮೆ ಭಯವಾಗುತ್ತದೆ. ಆದರೆ ಮೇಲೆ ಮೂವರು ಓಡಾಡುವ ಸದ್ದು ಕೇಳಿದರೆ ಮತ್ತೆ ನಿದ್ರೆ ಬರುತ್ತದೆ. ಅವರ ಪರೀಕ್ಷೆಗಳು ಮುಗಿಯಲು ಇನ್ನೂ ಎರಡು ವರ್ಷವಿದೆ. ಅಲ್ಲಿಯವರೆಗೆ ಮನೆಗೆ ಕೈಹಾಕುವುದು ಬೇಡ. ಆಮೇಲೆ ಬೇಕಾದರೆ ನಕ್ಷೆ ತೆಗೆಯೋಣ. ಅಷ್ಟರಲ್ಲಿ ಹುಡುಗನಿಗೆ ಶಾಲೆ ಬಿಟ್ಟ ಕೂಡಲೇ, ಎರಡು ವರ್ಷಕ್ಕೊಮ್ಮೆಯಲ್ಲ, ಪ್ರತಿ ಬೇಸಗೆಯಲ್ಲಿಯೂ ಇಲ್ಲಿಗೆ ಕಳುಹಿಸು. ಇಷ್ಟು ಹೇಳಿ, “ನಿನಗೆ ಸಿಟ್ಟೇನೋ?” ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ತಂದೆಯ ಸುಮ್ಮನಿರುವಿಕೆ ಮಗನಿಗೆ ಹಾಗೆಯೇ ಬಂದಿದೆ.

“ಎರಡು ವರ್ಷ ಆದ್ಮೇಲೆ ಹೊಸ ಹುಡುಗೀರು ಬರ್ತಾರಲ್ಲಮ್ಮ, ಆಗ ಏನು ಹೇಳ್ತೀಯ?” ಎಂದ.

“ಹಣ್ಣು ಮಾಗಿದೆಯೆ ಅಂತ ಆಗ ನೋಡೋಣ” ಎಂದೆ. ಬಹಳ ದಿನಗಳ ಮೇಲೆ ಅವನು ಬಾಯಿತುಂಬ ನಕ್ಕ.

ನಕ್ಷೆ ಈಗ ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗೆ ಭದ್ರವಾಗಿದೆ. ಈ ಬೇಸಗೆಗೆ ಮೊಮ್ಮಗ ಆರು ವಾರ ಇರಲು ಬರುತ್ತಾನೆ. ಅವನಿಗೆ ಪ್ರತ್ಯೇಕ ಕೊಠಡಿ ಅಣಿಮಾಡಬೇಕೆಂದು ಸೊಸೆ ಹೇಳಿದ್ದಾಳೆ. ಮಾ‌ಡಿಸುತ್ತೇನೆ. ಜೊತೆಗೆ ನಡುಮನೆಯಲ್ಲಿ, ಹಿಂದೆ ನಮ್ಮ ಅತ್ತೆಯವರ ಹಾಸಿಗೆಯಿದ್ದ ಕಡೆ, ನನ್ನ ಹಾಸಿಗೆಯನ್ನು ಹಾಕಿಸಿಕೊಳ್ಳಬೇಕೆಂದಿದ್ದೇನೆ. ಕೊಠಡಿಯಿಂದ ಅಡಿಗೆಮನೆಗೆ ಹೋಗುವವರು ಅಲ್ಲಿಯೇ ಹಾದುಹೋಗಬೇಕು.